ನಮ್ಮವರಿಲ್ಲದ ದೇಶ

ಕಾವೂರಿನ ಹಾಶಿಮಾಕ ಸುಳ್ಳುಗಾರರಲ್ಲ. ಆದರೆ ಮದುವೆ ಹಾಲ್‌ನಲ್ಲಿ ಬಿರಿಯಾನಿ ಬರುವುದು ತಡವಾದಾಗ ಮನುಷ್ಯನ ಬಾಯಿಗೆ ಏನಾದರೊಂದು ಕೆಲಸ ಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಸತ್ಯವೂ ಅಲ್ಲದ, ಸುಳ್ಳೂ ಅಲ್ಲದ ಮೂರನೆಯ ಬಗೆಯ ಮಾತೊಂದು ಹುಟ್ಟಿಕೊಳ್ಳುತ್ತದೆ. ಹಾಶಿಮಾಕರ ಕೇಡಿಗೆ ಕಾರಣವಾದದ್ದು ಆ ಮೂರನೆಯ ಬಗೆ.

ಎದುರಿಗೆ ಕುಳಿತಿದ್ದವರು ನೆರೆಮನೆಯ ಅಹ್ಮದ್ ಬಾವ. ದಿನಸಿ ವ್ಯಾಪಾರಿ, ವಯಸ್ಸಿನಲ್ಲಿ ಹಿರಿಯರು, ಇತ್ತೀಚೆಗಷ್ಟೇ ಟೂರ್ ಕಂಪನಿಯ ಗುಂಪಿನೊಂದಿಗೆ ಸ್ವಿಟ್ಜರ್‌ಲ್ಯಾಂಡ್ ನೋಡಿ ಬಂದವರು. ಅವರು ಅಲ್ಲಿಯ ಹಿಮವನ್ನು ಮೂರನೆಯ ಬಾರಿ ವರ್ಣಿಸತೊಡಗಿದಾಗ ಹಾಶಿಮಾಕರ ಸಹನೆ ಕರಗಿತು.

"ಗುಂಪಿನಲ್ಲಿ ಹೋಗುವುದು ಎಂತ ಪ್ರವಾಸ ಬಾವಾಕ? ನಾನು, ರಮ್ಲಾ ಬ್ಯಾಕ್‌ಪ್ಯಾಕಿಂಗ್ ಹೋಗುವವರು. ಬೆನ್ನಿಗೊಂದು ಚೀಲ, ಅಷ್ಟೆ. ಪ್ರಪಂಚ ಸುತ್ತುವುದು."

ಆ ಇಂಗ್ಲಿಷ್ ಪದವನ್ನು ಅವರು ಅದೇ ದಿನ ಬೆಳಿಗ್ಗೆ ಮಗ ಇಜಾಝ್‌ನ ಮೊಬೈಲಿನಲ್ಲಿ ಕೇಳಿಸಿಕೊಂಡಿದ್ದರು. ಪದ ಪರದೆ ದಾಟಿ ಹೆಂಗಸರ ಪಂಕ್ತಿಯನ್ನು ತಲುಪಿತು. ಬಿರಿಯಾನಿ ಆಮೇಲೆ ತಲುಪಿತು. ನಾಲ್ಕು ಜನ ರಮ್ಲಾಳ ಕೈಹಿಡಿದು ಅಭಿನಂದಿಸಿದರು. ಆಕೆ ಮನೆಗೆ ಬಂದು ಬುರ್ಖಾ ತೆಗೆದಿಟ್ಟು, ಗಂಡನ ಮುಂದೆ ನೀರಿನ ಲೋಟ ಇರಿಸಿ, "ಹೇಳಿ ಆಯ್ತಲ್ಲ, ಇನ್ನು ಹೋಗುವ," ಎಂದಳು.

ಹಾಶಿಮಾಕರಿಗೆ ನೀರು ನೆತ್ತಿಗೇರಿತು.

ರಮ್ಲಾ ವಿದೇಶ ಕಾಣದವಳೇನೂ ಅಲ್ಲ. ಹಾಶಿಮಾಕ ಅರ್ಧ ಆಯುಷ್ಯವನ್ನು ದಮ್ಮಾಮಿನ ಬಿಡಿಭಾಗದ ಅಂಗಡಿಯೊಂದರಲ್ಲಿ ಕಳೆದು, ಈಗ ಊರಿಗೆ ಬಂದು ಟಾರ್ಪಾಲು ಮತ್ತು ನೈಲಾನ್ ಹಗ್ಗದ ವ್ಯಾಪಾರ ಇಟ್ಟುಕೊಂಡವರು. ಆ ಕಾಲದಲ್ಲಿ ಆಕೆಯೂ ವಿಸಿಟ್ ವೀಸಾದಲ್ಲಿ ಹೋಗಿದ್ದಳು. ಹೋಗಿ ಕಂಡದ್ದು ಅಡುಗೆಮನೆ. ದಮ್ಮಾಮಿನಲ್ಲಿ ಗಂಡನ ಗೆಳೆಯರಿಗೆಲ್ಲ ಅಕ್ಕಿಯ ಪತ್ತಿರಿ ತಟ್ಟಿದಳು. ದೋಹಾದಲ್ಲಿ ನಾದಿನಿಯ ಬಾಣಂತನ ಮಾಡಿದಳು. ಮಸ್ಕತ್ತಿನಲ್ಲಿ ಸೋದರಮಾವನ ಮಗನ ಹೊಸ ಮನೆಗೆ ಬಂದ ಅತಿಥಿಗಳಿಗೆ ಕೋಳಿ ಸುಕ್ಕ ಮಾಡಿದಳು. "ಮೂರು ದೇಶದ ಹಿಟ್ಟು ನಾದಿದ್ದೇನೆ, ಒಂದು ದೇಶದ ಬೀದಿ ನೋಡ್ಲಿಲ್ಲ," ಎನ್ನುವುದು ಆಕೆಯ ಹಳೆಯ ದೂರು. ಆದ್ದರಿಂದ ಈಗ ಆಕೆ ಹಾಕಿದ ಷರತ್ತು ಒಂದೇ.

"ನಮ್ಮೂರಿನವರು ಒಬ್ಬರೂ ಇಲ್ಲದ ದೇಶಕ್ಕೆ ಹೋಗುವ. ಯಾರ ಮನೆಗೂ ಇಲ್ಲ, ಯಾರ ಅಡುಗೆಮನೆಗೂ ಇಲ್ಲ. ಅದು ಮೊದಲ ದೇಶ. ಮತ್ತೆ ಪ್ರಪಂಚ ಎಷ್ಟು ಬೇಕಾದರೂ ಸುತ್ತುವ."

ಷರತ್ತು ಸುಲಭವೆಂದು ಹಾಶಿಮಾಕ ತಿಳಿದರು. ದೇಶಗಳು ಇನ್ನೂರರ ಹತ್ತಿರ ಇವೆ, ಮಂಗಳೂರು ಒಂದೇ. ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಯಾರಿಗಾದರೂ ಕಷ್ಟ.

ಮೊದಲು ಜಾರ್ಜಿಯಾ ಎಂದು ನಿಶ್ಚಯವಾಯಿತು. ಬೆಟ್ಟ ಉಂಟು, ಚಳಿ ಉಂಟು, ಪರಿಚಯದ ಮುಖ ಒಂದೂ ಇಲ್ಲ. ಹಾಶಿಮಾಕ ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ಹಗ್ಗ ಅಳೆಯುತ್ತ ಈ ಸಂಗತಿಯನ್ನು ಎರಡು ಸಲ ಹೇಳಿದರು. ಗಿರಾಕಿ ಎಲ್ಲಿಗೆಂದು ಒಂದು ಸಲವೂ ಕೇಳಿರಲಿಲ್ಲ. ಸಂಜೆ ಅಸರ್ ನಮಾಜಿನ ಬಳಿಕ ಅಹ್ಮದ್ ಬಾವ ಒಂದು ಕಾರ್ಟನ್ ಪೆಟ್ಟಿಗೆಯನ್ನು ತಬ್ಬಿಕೊಂಡು ಗೇಟು ತೆರೆದರು. ಅವರ ಮಗಳ ಮಗಳು ಜಾರ್ಜಿಯಾದಲ್ಲಿ ಡಾಕ್ಟರ್ ಓದುತ್ತಿದ್ದಾಳಂತೆ. ಅಲ್ಲಿ ಕುಚ್ಚಲಕ್ಕಿ ಸಿಗದೆ ಹುಡುಗಿ ಹಂಚಿಕಡ್ಡಿಯಾಗಿದ್ದಾಳಂತೆ.

ಇಲ್ಲಿ ಕರಾವಳಿಯ ಒಂದು ಕಾನೂನನ್ನು ಹೇಳಬೇಕು. ವಿಮಾನ ಹತ್ತುವವನ ಚೀಲ ಅವನದಲ್ಲ. ಅವನ ಬಟ್ಟೆಬರೆಗೆ ಒಂದು ಮೂಲೆ ಉಂಟು. ಉಳಿದದ್ದು ಊರಿನ ಸೊತ್ತು. ಹಾಶಿಮಾಕರ ಉಮ್ಮ ಹಾಕಿದ ಬಂಗುಡೆ ಉಪ್ಪಿನಕಾಯಿ ಎಷ್ಟೋ ವರ್ಷ ಯಾರ‍್ಯಾರದೋ ಚೀಲದಲ್ಲಿ ದಮ್ಮಾಮಿಗೆ ಬಂದಿತ್ತು. ಅದನ್ನು ತಿಂದ ನಾಲಿಗೆಗೆ ಈಗ "ಬೇಡ" ಎನ್ನಲು ಬರಲಿಲ್ಲ. ಪೆಟ್ಟಿಗೆಯನ್ನು ಇಳಿಸಿಕೊಂಡದ್ದಷ್ಟೇ ಅಲ್ಲ, ಬಾವಾಕ ಕಟ್ಟಿದ ಗಂಟು ಸಡಿಲವೆಂದು ಅಂಗಡಿಯ ಹಗ್ಗ ತಂದು ತಾವೇ ಬಿಗಿದರು. ಆರೂ ಮಗ್ಗುಲಿಗೆ ಮಾರ್ಕರಿನಲ್ಲಿ ಹೆಸರು ಬರೆದರು.

ರಮ್ಲಾ ಪೆಟ್ಟಿಗೆಯನ್ನು ನೋಡಿದಳು. ತಮ್ಮಿಬ್ಬರಿಗೆಂದು ತಂದಿಟ್ಟಿದ್ದ, ಏಳೇಳು ಕೆಜಿಗಿಂತ ಹೆಚ್ಚು ತುಂಬಬಾರದ ಎರಡು ಚೀಲಗಳನ್ನೂ ನೋಡಿದಳು. "ಜಾರ್ಜಿಯಾ ಬೇಡ," ಎಂದಳು.

ಜಾರ್ಜಿಯಾ ಹೋಗಿ ಪೆರು ಬಂತು. ಭೂಗೋಳದ ಆಚೆ ಬದಿ, ಕೆಳಗೆ. ಅಲ್ಲಿಗೆ ಕಾವೂರಿನ ಗಾಳಿಯೂ ಬೀಸದು. ಮರುದಿನ ರೊಸಾಲಿನ್ ಬಾಯಿ ಬಂದರು. ಹಿತ್ತಲಾಚೆಯ ಮನೆಯವರು, ನಿವೃತ್ತ ನರ್ಸ್, ಮಾತು ಹಿತಮಿತ. ಅವರ ತಮ್ಮ ಫಾದರ್ ಜೋನ್ ಪೆರುವಿನ ಒಂದು ಗುಡ್ಡದ ಇಗರ್ಜಿಯಲ್ಲಿ ಪಾದ್ರಿ. ರೊಸಾಲಿನ್ ಬಾಯಿ ಬಾಫತ್ ಮಸಾಲೆ ಪುಡಿಯ ಡಬ್ಬ, ಹಲಸಿನ ಹಪ್ಪಳದ ಕಟ್ಟು, ಒಂದು ಜಪಮಾಲೆಯನ್ನು ಮೇಜಿನ ಮೇಲಿಟ್ಟು, "ಅವನಿಗೆ ಫೋನ್ ಮಾಡಿದ್ದೇನೆ ಹಾಶಿಮಾಕ. ನೀವು ಬಂದರೆ ಅವನ ಕ್ವಾರ್ಟರ್ಸಿನಲ್ಲೇ ಇರ್ಬೇಕಂತೆ. ಅಡುಗೆಗೆ ಕುಸಿನಿ ದೊಡ್ಡದುಂಟಂತೆ, ರಮ್ಲಾ ಬಂದರೆ ಒಂದು ಊರಿನ ಊಟ ಸಿಗ್ತದೆ ಅಂತ ಕಾಯ್ತಾ ಇದ್ದಾನೆ," ಎಂದರು.

ಒಳಗೆ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ತಾನಾಗಿ ಬಿದ್ದ ಪಾತ್ರೆ ಅಷ್ಟು ಸದ್ದು ಮಾಡುವುದಿಲ್ಲ.

ಮೂರನೆಯದು ನಾರ್ವೆ. ಈ ಬಾರಿ ಮೀನು ವ್ಯಾಪಾರಿ ಚೆನ್ನಪ್ಪಣ್ಣ ಮನೆ ಮುಂದೆ ಗಾಡಿ ನಿಲ್ಲಿಸಿ, ಬಂಗುಡೆಯ ಜೊತೆಗೆ ಒಣ ಸಿಗಡಿಯ ಪೊಟ್ಟಣವನ್ನೂ ಕೊಟ್ಟರು. ಬಂಗುಡೆ ಮನೆಗೆ, ಸಿಗಡಿ ಮಗ ರಿತೇಶನಿಗೆ. ಸಮುದ್ರದಲ್ಲಿ ಬಲೆ ಬೀಸಿದ ಮನೆತನದ ಹುಡುಗ ಈಗ ಸರಕು ಹಡಗಿನಲ್ಲಿದ್ದ. ಹಡಗು ನಾರ್ವೆಗೆ ಹೋಗುತ್ತದೆಯೇ ಎಂದು ಹಾಶಿಮಾಕ, ಇಲ್ಲವೆನ್ನಲಿ ಎಂಬ ಆಸೆಯಿಂದ, ಪ್ರಶ್ನಿಸಿದರು.

"ಆ ದೇಶಕ್ಕೆ ಸಮುದ್ರ ಉಂಟಲ್ವಾ?" ಚೆನ್ನಪ್ಪಣ್ಣ ಕೇಳಿದರು. "ಹಾಗಾದರೆ ತಕ್ಕೊಂಡು ಹೋಗಿ ಮಾರಾಯ್ರೆ. ಇವತ್ತಲ್ಲ ನಾಳೆ ಹಡಗು ಬರ್ತದೆ."

ಒಂದೇ ಮಾತಿನಲ್ಲಿ ಚೆನ್ನಪ್ಪಣ್ಣ ಕರಾವಳಿಯುಳ್ಳ ದೇಶಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದರು. ರಮ್ಲಾ ಪಟ್ಟು ಬಿಡಲಿಲ್ಲ. ಸಮುದ್ರವೇ ಇಲ್ಲದ ಮಂಗೋಲಿಯಾವನ್ನು ಆರಿಸಿ, ಗಂಡನ ಮುಖವನ್ನು ದಿಟ್ಟಿಸಿ, ಬಾಯಿ ಮುಚ್ಚಿಕೊಂಡಿರಬೇಕೆಂದು ಎಚ್ಚರಿಸಿದಳು. ಹಾಶಿಮಾಕ ಒಂದು ಹಗಲು ಪೂರ್ತಿ ಮುಚ್ಚಿಕೊಂಡಿದ್ದರು. ಮರುದಿನ ಸೆಲೂನಿನಲ್ಲಿ ಗಡ್ಡಕ್ಕೆ ನೊರೆ ಹಚ್ಚಿದಾಗ ನಾಲಿಗೆ ಸಡಿಲವಾಯಿತು. ಸಂಜೆ ಗೇಟಿನ ಬಳಿ ಒಂದು ಸ್ಕೂಟರ್ ನಿಂತಿತು. ವಿಜೇತಾ ಎಂಬ, ಇವರು ಜನ್ಮದಲ್ಲಿ ಕಾಣದ ಟೀಚರ್ ಸುರತ್ಕಲ್‌ನಿಂದ ವಿಳಾಸ ಕೇಳಿಕೊಂಡು ಬಂದಿದ್ದರು. ಗಂಡ ಮಂಗೋಲಿಯಾದ ಗಣಿಯಲ್ಲಿ ಎಂಜಿನಿಯರಂತೆ. ಅವರ ಕೈಯಲ್ಲಿ ಪ್ರೆಶರ್ ಕುಕ್ಕರ್ ಇತ್ತು.

ಕುಕ್ಕರನ್ನು ಕಂಡ ಮೇಲೆ ರಮ್ಲಾ ಕೂಗಾಡಲಿಲ್ಲ, ಪಾತ್ರೆ ಬೀಳಿಸಲೂ ಇಲ್ಲ. ಇದು ಹಾಶಿಮಾಕರನ್ನು ಹೆದರಿಸಿತು. ಆಕೆ ಚಾವಡಿಯಲ್ಲಿ ಸಾಲಾಗಿ ನಿಂತ ಪೆಟ್ಟಿಗೆಗಳ ನಡುವೆ ಕುರ್ಚಿ ಎಳೆದು ಕುಳಿತು, ತೀರ್ಪು ಓದುವ ಜಡ್ಜನಂತೆ ಮೆಲ್ಲನೆ ಹೇಳಿದಳು.

"ಇನ್ನು ದೇಶ ನಾನು ನೋಡ್ತೇನೆ. ಹೆಸರು ನಿಮಗೆ ಹೇಳುವುದಿಲ್ಲ. ನಿಮಗೆ ಗೊತ್ತಾದರೆ ಮಂಗಳೂರಿಗೆ ಗೊತ್ತಾದ ಹಾಗೆ. ಮತ್ತೊಂದು ಕಟ್ಟು ಈ ಹೊಸ್ತಿಲು ದಾಟಿದರೆ ನೀವು ಇಲ್ಲೇ ಇರಿ. ನಾನು ಶಹನಾಝ್‌ಳನ್ನು ಕರ್ಕೊಂಡು ಹೋಗ್ತೇನೆ."

ಶಹನಾಝ್ ಜೆಪ್ಪುವಿನಲ್ಲಿರುವ ಆಕೆಯ ತಂಗಿ. ಪಾಸ್‌ಪೋರ್ಟ್ ಸಿದ್ಧವಾಗಿತ್ತು, ಭಾವನನ್ನು ಬಿಟ್ಟು ಹೋಗುವ ಉತ್ಸಾಹ ಅದಕ್ಕಿಂತ ಮೊದಲೇ ಸಿದ್ಧವಾಗಿತ್ತು.

ಟಿಕೆಟ್ಟನ್ನು ಇಜಾಝ್ ತಾಯಿಯ ಎದುರು ಕುಳಿತು ಬುಕ್ ಮಾಡಿದ, ತುಟಿ ಹೊಲಿದುಕೊಂಡ. ಹಾಶಿಮಾಕರಿಗೆ ತಿಳಿಸಿದ್ದು ಹೊರಡುವ ದಿನ ಮತ್ತು ದುಬೈಯಲ್ಲಿ ವಿಮಾನ ಬದಲಾಗುತ್ತದೆಂಬ ಸಂಗತಿ ಮಾತ್ರ. ಬಟ್ಟೆ ನೋಡಿಯಾದರೂ ಊಹಿಸೋಣವೆಂದರೆ, ರಮ್ಲಾ ಅವರ ಚೀಲಕ್ಕೆ ಒಂದು ಸ್ವೆಟರ್, ಒಂದು ಕೊಡೆ, ಒಂದು ಹತ್ತಿ ಪಂಚೆ ತುಂಬಿದ್ದಳು. ಇಷ್ಟೂ ಒಟ್ಟಿಗೆ ಬೇಕಾಗುವ ದೇಶ ಯಾವುದೆಂದು ಅವರು ಅಂಗಡಿಯಲ್ಲಿ ಕುಳಿತು ತಲೆ ಕೆಡಿಸಿಕೊಂಡರು.

ಆದರೆ ನಿಜವಾದ ಫಜೀತಿ ಇದಲ್ಲ. ಮಂಗಳೂರಿನಲ್ಲಿ ವಿದೇಶಕ್ಕೆ ಹೊರಟವನಿಗೆ ಎದುರಾಗುವ ಮೊದಲ ಪ್ರಶ್ನೆ "ಎಲ್ಲಿಗೆ?" ಅದಕ್ಕೆ ಹಾಶಿಮಾಕ ಪ್ರಾಮಾಣಿಕವಾಗಿ "ಗೊತ್ತಿಲ್ಲ" ಎನ್ನತೊಡಗಿದರು. ಮೊದಲ ದಿನ ಜನ ನಕ್ಕರು, ಎರಡನೆಯ ದಿನ ಮುನಿಸಿಕೊಂಡರು. ಮೂರನೆಯ ದಿನ ಮಸೀದಿಯ ಮೆಟ್ಟಿಲಿನಲ್ಲಿ ಅಹ್ಮದ್ ಬಾವ ಅವರನ್ನು ಬದಿಗೆ ಕರೆದು, ಕಣ್ಣಲ್ಲಿ ಕಣ್ಣಿಟ್ಟು, ಯಾವ ಆಸ್ಪತ್ರೆ ಎಂದು ಕೇಳಿದರು.

ಬಾವಾಕರ ತರ್ಕ ಸರಳವಾಗಿತ್ತು. ಆರೋಗ್ಯವಂತನಾದ ಬ್ಯಾರಿ ತಾನು ಎಲ್ಲಿಗೆ ಹೊರಟಿದ್ದೇನೆಂದು ಕೇಳದಿದ್ದರೂ ಹೇಳುತ್ತಾನೆ. ಕೇಳಿದರೂ ಹೇಳದವನು ಚಿಕಿತ್ಸೆಗೆ ಹೋಗುತ್ತಿದ್ದಾನೆ. ಗೊತ್ತೇ ಇಲ್ಲವೆನ್ನುವವನಿಂದ ಮನೆಯವರು ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ.

"ನನಗೆ ಎಂತ ಕಾಯಿಲೆಯೂ ಇಲ್ಲ ಬಾವಾಕ."

"ನಿನಗೆ ಹೇಳ್ಲಿಲ್ಲ, ಅಷ್ಟೆ," ಎಂದು ಬಾವಾಕ ಅವರ ಭುಜ ಸವರಿದರು.

ಆಮೇಲೆ ಹಾಶಿಮಾಕರ ಮನೆಗೆ ಬಂದಷ್ಟು ಜನ ಮಗನ ಮದುವೆಗೂ ಬಂದಿರಲಿಲ್ಲ. ಚಿಕ್ಕಮ್ಮ ಬೀಫಾತಿಮ್ಮ ರಿಕ್ಷಾದಿಂದ ಇಳಿಯುವಾಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಹಜ್‌ಗೆ ಹೊರಟವರು ಬಂಧುಬಳಗದ ಬಳಿ ತಪ್ಪೊಪ್ಪು ಹೇಳಿ ಹೋಗುವುದು ರೂಢಿ. ಇಲ್ಲಿ ಹಾಶಿಮಾಕ ಏನೂ ಹೇಳದಿದ್ದರೂ ಬಂದವರೇ ಸರದಿಯಲ್ಲಿ ಕ್ಷಮಿಸತೊಡಗಿದರು. ಚಿಕ್ಕಮ್ಮ ಅವರ ತಲೆ ನೇವರಿಸಿ, "ಮೋನೇ, ಇಜಾಝ್‌ನ ಮದುವೆಗೆ ನನ್ನನ್ನು ಫೋನಿನಲ್ಲಿ ಕರೆದದ್ದು ನಾನು ಮರೆತಿದ್ದೇನೆ," ಎಂದರು. ಮರೆತದ್ದನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಂಡ ಚಿಕ್ಕಮ್ಮನ ಮುಂದೆ ಹಾಶಿಮಾಕ ತಲೆ ತಗ್ಗಿಸಿದರು. ರೊಸಾಲಿನ್ ಬಾಯಿ ನಾಡಿ ಹಿಡಿದು ನೋಡಿದರು. ನಾಡಿ ಸರಿಯಾಗಿತ್ತು, ಇದರಿಂದ ಅವರ ಮುಖ ಮತ್ತಷ್ಟು ಗಂಭೀರವಾಯಿತು.

ಒಂದು ಲಾಭವಾಯಿತು. ಹೊರಡುವಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಪೆಟ್ಟಿಗೆಯನ್ನು ಸದ್ದಿಲ್ಲದೆ ಎತ್ತಿಕೊಂಡರು. ಸಾಯುವವನ ಬೆನ್ನಿಗೆ ಕುಚ್ಚಲಕ್ಕಿ ಹೊರಿಸಿದ ಪಾಪ ಯಾರಿಗೂ ಬೇಡವಾಗಿತ್ತು. ಸುರತ್ಕಲ್‌ನಿಂದ ಸ್ಕೂಟರ್ ಬಂದು ಕುಕ್ಕರನ್ನೂ ಒಯ್ದಿತು. ಚಾವಡಿ ಖಾಲಿಯಾಯಿತು. ರಮ್ಲಾ ಬಹಳ ದಿನಗಳ ನಂತರ ಗಂಡನಿಗೆ ನಗುತ್ತಾ ಚಹಾ ಕೊಟ್ಟಳು. ಇನ್ನೆರಡು ದಿನ ಕಾಯಿಲೆಯವರಂತೆ ಇದ್ದುಬಿಡಿ ಎಂದು ಸಲಹೆಯನ್ನೂ ಕೊಟ್ಟಳು.

ಹಾಶಿಮಾಕ ಮುಸುಕೆಳೆದು ಮಲಗಿದರು. ಎಲ್ಲವೂ ದಡ ಸೇರಿತು ಎನ್ನುವಷ್ಟರಲ್ಲಿ ಬಾವಾಕ ಬಂದು ಮಂಚದ ಬದಿಯಲ್ಲಿ ಕುಳಿತರು. ಅವರ ಶರ್ಟಿನ ಜೇಬಿನಲ್ಲಿ ಪಾಸ್‌ಪೋರ್ಟ್ ಇಣುಕುತ್ತಿತ್ತು.

"ಒಬ್ಬ ಹೆಂಗಸು ಪರದೇಶದಲ್ಲಿ ಕಾಯಿಲೆಯವನನ್ನು ಕಟ್ಟಿಕೊಂಡು ಎಂತ ಮಾಡುವುದು? ನಾನೂ ಬರ್ತೇನೆ," ಎಂದರು. "ಬೀಫಾತಿಮ್ಮ ಕೂಡ ಬರ್ತಾರಂತೆ. ದುಬೈವರೆಗೆ ಟಿಕೆಟ್ ಮಾಡಿಸ್ತೇವೆ. ಅಲ್ಲಿಂದ ಮುಂದೆ ನೀವು ಹತ್ತುವ ವಿಮಾನಕ್ಕೆ ನಾವೂ ಹತ್ತುವುದು. ಅಡುಗೆಗೆ ರಮ್ಲಾ ಇದ್ದಾಳಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ರಮ್ಲಾಳ ಮುಖವನ್ನು ಹಾಶಿಮಾಕ ಮುಸುಕಿನ ಸಂದಿಯಿಂದ ಕಂಡರು. ಕಾಯಿಲೆ ಇದ್ದರೆ ಬಾವಾಕ ಬರುತ್ತಾರೆ. ಇಲ್ಲದಿದ್ದರೆ ಪೆಟ್ಟಿಗೆಗಳು ಬರುತ್ತವೆ. ಅತ್ತ ದರಿ, ಇತ್ತ ಪುಲಿ. ಅವರು ಮುಸುಕನ್ನು ಕಿತ್ತೆಸೆದು ಅಂಗಳಕ್ಕೆ ಓಡಿದರು. ಅಂಗಡಿಗೆಂದು ಬಂದಿದ್ದ ಟಾರ್ಪಾಲಿನ ದೊಡ್ಡ ಸುರುಳಿಯೊಂದು ಅಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಹೆಗಲಿಗೇರಿಸಿ, ಗೇಟಿನಿಂದ ಬಾವಿಯವರೆಗೆ, ಬಾವಿಯಿಂದ ಗೇಟಿನವರೆಗೆ, ಸಾಮು ಮಾಡುವ ಪೈಲ್ವಾನನಂತೆ ನಡೆದರು. ರೊಸಾಲಿನ್ ಬಾಯಿ ಹಿತ್ತಲಿನಿಂದ ನೋಡಿದರು. ಚೆನ್ನಪ್ಪಣ್ಣ ಗಾಡಿ ನಿಲ್ಲಿಸಿ ನೋಡಿದರು. ಮೂರನೆಯ ಸುತ್ತು ಮುಗಿಯುವ ಹೊತ್ತಿಗೆ, ಈ ಮನುಷ್ಯ ಕಲ್ಲುಗುಂಡಿನಂತಿದ್ದಾನೆ ಎಂಬ ವಿಚಾರದಲ್ಲಿ ಊರಿಗೆ ಒಮ್ಮತ ಮೂಡಿತು.

"ಅಲ್ಹಮ್ದುಲಿಲ್ಲಾಹ್," ಎಂದು ಬಾವಾಕ ಪಾಸ್‌ಪೋರ್ಟನ್ನು ಒಳಗೆ ತಳ್ಳಿದರು. "ಇನ್ನೂ ಅಷ್ಟು ಹೊರ್ತಿ ನೀನು. ಆ ಅಕ್ಕಿ ವಾಪಸ್ ತರ್ತೇನೆ."

ರಮ್ಲಾ ಒಳಗಿನಿಂದ ಶಹನಾಝ್‌ಗೆ ಫೋನ್ ಹಚ್ಚಿದ್ದು ಹಾಶಿಮಾಕರ ಕಿವಿಗೆ ಬಿತ್ತು. ಅವರು ಗೇಟಿಗೆ ಬೀಗ ಜಡಿದು, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಪ್ರಯಾಣದ ದಿನದವರೆಗೆ ಆ ಹೊಸ್ತಿಲನ್ನು ಒಂದು ಕಡ್ಡಿಯೂ ದಾಟಲಿಲ್ಲ. ಆದರೆ ವಿಮಾನ ನಿಲ್ದಾಣಕ್ಕೆ ಹೊಸ್ತಿಲಿಲ್ಲ.

ಇಜಾಝ್‌ನ ಕಾರು ನಿಲ್ದಾಣದ ಗುಡ್ಡ ಹತ್ತಿ ನಿಂತಾಗ ಹಿಂದೆಯೇ ಎರಡು ಜೀಪು, ಒಂದು ರಿಕ್ಷಾ, ಚೆನ್ನಪ್ಪಣ್ಣನ ಮೀನಿನ ಗಾಡಿ ಬಂದು ನಿಂತವು. ಬೀಳ್ಕೊಡಲು ಬಂದವರ ಕಂಕುಳಲ್ಲಿ ಪೆಟ್ಟಿಗೆಗಳಿದ್ದವು. ಇನ್ನೊಂದು ಟ್ಯಾಕ್ಸಿಯಿಂದ ಶಹನಾಝ್ ಇಳಿದಳು. ಅವಳ ಬೆನ್ನಿಗೂ ಒಂದು ಚೀಲವಿತ್ತು. ತಂಗಿಯನ್ನು ಕಂಡ ರಮ್ಲಾ ಗಂಡನಿಂದ ಎರಡು ಮಾರು ದೂರ ಹೋಗಿ ನಿಂತು, ಅವರ ಕೈಗಳನ್ನೇ ನೋಡತೊಡಗಿದಳು.

ಬಾವಾಕ ಮುಂದೆ ಬಂದು ಪೆಟ್ಟಿಗೆಯನ್ನು ಚಾಚಿದರು. ಹಾಶಿಮಾಕರ ಎರಡೂ ಕೈಗಳು, ಯಜಮಾನನನ್ನು ಕೇಳದೆ, ಅದನ್ನು ಹಿಡಿಯಲು ಏರಿದವು. ಅರ್ಧಕ್ಕೆ ನಿಂತವು.

"ತಕ್ಕೊಳ್ತೇನೆ ಬಾವಾಕ. ನಿಮ್ಮದು ಬೇಡ ಅಂತ ನಾನು ಹೇಳ್ತೇನಾ? ಯಾವ ಊರಲ್ಲಿ ಯಾರ ಕೈಗೆ ಕೊಡಬೇಕು, ಅಷ್ಟು ಹೇಳಿ."

"ನೀನು ಹೋಗುವ ಊರಲ್ಲಿ."

"ಅದು ಯಾವುದು?"

ಬಾವಾಕ ಹಿಂದೆ ನಿಂತ ರೊಸಾಲಿನ್ ಬಾಯಿಯನ್ನು ನೋಡಿದರು. ಬಾಯಿ ಚೆನ್ನಪ್ಪಣ್ಣನನ್ನು ನೋಡಿದರು. ತಮ್ಮ ಅಜ್ಞಾನ ಇಷ್ಟು ಗಟ್ಟಿಯಾದ ಗೋಡೆಯೆಂದು ಹಾಶಿಮಾಕರಿಗೆ ಆ ಕ್ಷಣದಲ್ಲಿ ಹೊಳೆಯಿತು. ಅದಕ್ಕೆ ಬೆನ್ನು ಕೊಟ್ಟು ನಿಂತರು. ಬಾವಾಕ ಸೋಲುವವರಲ್ಲ. ದುಬೈಯಲ್ಲಿ ತಮ್ಮ ಅಳಿಯ ಇದ್ದಾನೆ, ನಿಲ್ದಾಣದ ಬಾಗಿಲಿಗೆ ಬರುತ್ತಾನೆ, ಅವನ ಕೈಗೆ ಕೊಟ್ಟರೆ ಮುಂದಿನದು ಅವನು ನೋಡಿಕೊಳ್ಳುತ್ತಾನೆ ಎಂದರು.

"ವಿಮಾನ ಬದಲಿಸುವವರನ್ನು ಹೊರಗೆ ಬಿಡುವುದಿಲ್ಲ," ಎಂದು ಹಾಶಿಮಾಕ ಒಂದೊಂದೇ ಪದವನ್ನು ಕಲ್ಲೆತ್ತಿದಂತೆ ಎತ್ತಿ, ಕೊನೆಗೆ ತಮ್ಮ ಜೀವಮಾನದಲ್ಲಿ ಯಾವ ಪೆಟ್ಟಿಗೆಯ ಮುಂದೆಯೂ ಆಡಿರದ ಮಾತನ್ನು ಆಡಿದರು. "ಆಗುವುದಿಲ್ಲ ಬಾವಾಕ."

ಬೀಫಾತಿಮ್ಮ, ಇವನಿಗೆ ಕಾಯಿಲೆ ಇರುವುದು ಖಂಡಿತ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದರು. ರಮ್ಲಾ ಬಂದು ಗಂಡನ ಚೀಲದ ಪಟ್ಟಿ ಸರಿಪಡಿಸಿದಳು. ಶಹನಾಝ್ ತನ್ನ ಚೀಲವನ್ನು ಮೆಲ್ಲನೆ ಕೆಳಗಿಳಿಸಿದಳು.

ಒಳಗೆ ಇಮಿಗ್ರೇಶನ್ ಕೌಂಟರಿನಲ್ಲಿ ಮತ್ತೊಂದು ಪರೀಕ್ಷೆ ಕಾದಿತ್ತು. ರಮ್ಲಾ ಪಕ್ಕದ ಸಾಲಿನಲ್ಲಿ ದಾಟಿ ಹೋಗಿದ್ದಳು; ಮುಂದಿನ ವಿಮಾನದ ಕಾಗದಗಳೆಲ್ಲ ಆಕೆಯ ಬಳಿ. ಅಧಿಕಾರಿ ಪಾಸ್‌ಪೋರ್ಟ್ ತಿರುವುತ್ತ ಎಲ್ಲಿಗೆ ಎಂದು ಕೇಳಿದ.

"ದುಬೈ ಸಾರ್."

"ಅಲ್ಲಿಂದ?"

"ಗೊತ್ತಿಲ್ಲ ಸಾರ್."

"ಯಾರಿಗೆ ಗೊತ್ತು?"

"ಹೆಂಡತಿಗೆ."

ಅಧಿಕಾರಿ ಕನ್ನಡಕ ತೆಗೆದ. ಸಾಲು ನಿಂತಿತು. ಇನ್ನೊಬ್ಬ ಅಧಿಕಾರಿ ಬಂದ. ಇಬ್ಬರೂ ಸೇರಿ ತಗ್ಗಿದ ದನಿಯಲ್ಲಿ, ನಿಮ್ಮನ್ನು ಯಾರಾದರೂ ಬಲವಂತದಿಂದ ಕರೆದೊಯ್ಯುತ್ತಿದ್ದಾರೆಯೇ, ಹೆದರದೆ ಹೇಳಿ ಎಂದರು. ಹಾಶಿಮಾಕ ಉತ್ತರಿಸುವ ಮೊದಲು ಸ್ವಲ್ಪ ಯೋಚಿಸಿದರು. ಆ ಯೋಚನೆಯೇ ಮುಳುವಾಯಿತು. ರಮ್ಲಾಳನ್ನು ಕರೆಸಲಾಯಿತು.

ಆಕೆ ಬಂದು ಸುತ್ತಲೂ ನೋಡಿದಳು. ಸಾಲಿನಲ್ಲಿ ಕಾವೂರು, ಸುರತ್ಕಲ್, ಜೆಪ್ಪು ಎಲ್ಲವೂ ಕಿವಿ ನಿಗುರಿಸಿ ನಿಂತಿದ್ದವು. ಆಕೆ ಬೋರ್ಡಿಂಗ್ ಪಾಸನ್ನು ಅಂಗೈಯಲ್ಲಿ ಮರೆಮಾಡಿ ಗಾಜಿನ ಕೆಳಗಿನಿಂದ ತೋರಿಸಿದಳು. ಅಧಿಕಾರಿ ಬಾಗಿ ಓದಿದ. ಅವನ ಹುಬ್ಬು ಮೇಲೇರಿತು, ಮುಖ ಅರಳಿತು.

"ಓ, ಇಲ್ಲಿಗಾ? ಇಲ್ಲಿ ನಮ್ಮ..."

"ಸರ್," ರಮ್ಲಾ ಕೈ ಮುಗಿದಳು. "ನಿಮ್ಮವರು ಯಾರಾದರೂ ಅಲ್ಲಿ ಇದ್ದರೆ ದಯವಿಟ್ಟು ಹೇಳ್ಬೇಡಿ."

ಅಧಿಕಾರಿ ಆಕೆಯನ್ನು ನೋಡಿದ, ಹಾಶಿಮಾಕರನ್ನು ನೋಡಿದ, ಅವರಿಬ್ಬರ ಬೆನ್ನಿನ ಪುಟ್ಟ ಚೀಲಗಳನ್ನು ನೋಡಿದ. ಮಾತನ್ನು ನುಂಗಿ ಮುದ್ರೆ ಒತ್ತಿದ. ಮಂಗಳೂರಿನ ಇತಿಹಾಸದಲ್ಲಿ ಒಬ್ಬ ಮನುಷ್ಯ ತನ್ನ ಭಾವಮೈದುನ ಎಲ್ಲಿದ್ದಾನೆಂದು ಹೇಳದೆ ಉಳಿದದ್ದು ಬಹುಶಃ ಅದೇ ಮೊದಲು.

ವಾರದ ಬಳಿಕ ಇಜಾಝ್‌ನ ಮೊಬೈಲಿಗೆ ಒಂದು ಫೋಟೋ ಬಂತು. ಯಾವುದೋ ಬೀದಿಯ ಬದಿಯಲ್ಲಿ ರಮ್ಲಾ ನಿಂತುಕೊಂಡೇ, ಯಾರೋ ಬೇಯಿಸಿದ್ದನ್ನು ಕಾಗದದ ತಟ್ಟೆಯಲ್ಲಿ ತಿನ್ನುತ್ತಿದ್ದಾಳೆ. ಬಾಯಿ ತುಂಬಿದೆ, ಕಣ್ಣು ನಗುತ್ತಿದೆ. ಪಕ್ಕದಲ್ಲಿ ಹಾಶಿಮಾಕ ಸ್ವೆಟರ್ ತೊಟ್ಟು, ಪಂಚೆ ಉಟ್ಟು, ಕೊಡೆ ಬಿಚ್ಚಿ ನಿಂತಿದ್ದಾರೆ. ಅಂಗಡಿಗಳ ಬೋರ್ಡುಗಳನ್ನೆಲ್ಲ ರಮ್ಲಾ ಕತ್ತರಿಸಿಯೇ ಕಳುಹಿಸಿದ್ದಳು. ಕಾವೂರಿನ ಜನ ಫೋಟೋವನ್ನು ಹಿಗ್ಗಿಸಿ ಮರ ನೋಡಿದರು, ಮೋಡ ನೋಡಿದರು, ತಟ್ಟೆಯಲ್ಲಿದ್ದದ್ದು ಏನೆಂದು ವಾದಿಸಿದರು. ಬಾವಾಕ ಇಂದಿಗೂ ಹಿಂದಿರುವ ಗುಡ್ಡವನ್ನು ಅಧ್ಯಯನ ಮಾಡುತ್ತಿದ್ದಾರೆ.

ದೇಶದ ಹೆಸರನ್ನು ಇಲ್ಲಿ ಬರೆಯುವುದು ಕಷ್ಟವೇನಲ್ಲ. ಆದರೆ ದಂಪತಿಗಳು ಇನ್ನೂ ಅಲ್ಲಿಯೇ ಇದ್ದಾರೆ, ಮತ್ತು ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರ ಸೋದರಳಿಯ ಆ ಊರಿನಲ್ಲಿದ್ದಾನೋ ಹೇಳಲಾಗದು.